ಅಮ್ಮನ ತಲೆಗೆ ಹಚ್ಚಿದ ಎಣ್ಣೆ

ಅಪ್ಪಾ,

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ, ಬೈಯಬೇಡಿ. 

ಗಂಟಲಿನ ಆಪರೇಷನ್ ಆದಾಗಿನಿಂದ ಅಮ್ಮನಿಗೆ ದನಿಯಿಲ್ಲ. ಕತ್ತಿನ ಗಾಯ ಕೂಡುತ್ತಲೇ ಇಲ್ಲ, ನುಂಗಿದ ಎಂಜಲೂ ಅಲ್ಲಿಂದ ಜಿನುಗುತ್ತದೆ. ಅದಕ್ಕೆ ದಿನವೂ ಅವಳನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ, ಒತ್ತಡದಲ್ಲಿ ಆಮ್ಲಜನಕ ತುಂಬುತ್ತಾರೆ. ಅದರಿಂದ ಗಾಯ ಮಾಯಬಹುದಂತೆ.

ನೀವು ತೀರಿಹೋದ ಮೇಲೆ ಅವಳ ತಲೆಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ನಿನ್ನೆ ನೀವು ಹಚ್ಚುತ್ತಿದ್ದ ಎಣ್ಣೆಯ ಬಾಟಲಿ ಕಣ್ಣಿಗೆ ಬಿತ್ತು. ಹಚ್ಚಿ ಜಡೆ ಹಾಕಿದೆ. ಅವಳು ಕಣ್ಣು ಮುಚ್ಚಿ ಕೂತಿದ್ದಳು.

ಪೆಟ್ಟಿಗೆಯ ಬಾಗಿಲು ಹಾಕುವ ಮೊದಲು, ಯಂತ್ರ ನೋಡಿಕೊಳ್ಳುವವರು ಅವಳ ಜಡೆ ಮುಟ್ಟಿ ಕೂಗಿಬಿಟ್ಟರು. "ಎಣ್ಣೆ! ಯಾರು ಹಚ್ಚಿದ್ದು? ಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ! ಇದರೊಳಗೆ ಒಂದು ಕಿಡಿ ಸಾಕು, ಆಮೇಲೆ ಬೂದಿನೂ ಸಿಗಲ್ಲ!"

  ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತನ್ನ ಎದೆ ತಟ್ಟಿಕೊಂಡು ತೋರಿಸಿದಳು, ತಾನೇ ಹಚ್ಚಿಕೊಂಡೆ ಅಂತ.

"ಪೆಟ್ಟಿಗೆ ಒಳಗೆ ಯಾರು ನೋಡ್ತಾರೆ ಅಂತ ಈ ಶೋಕಿ, ಅಮ್ಮಾ?" ಎಂದು ಅವರು ನಕ್ಕು, ತಲೆ ತೊಳೆದು ನಾಳೆ ಬನ್ನಿ ಎಂದರು. ಹಚ್ಚಿದ್ದು ನಾನು ಅಂತ ಹೇಳದೆಯೇ ಅವಳನ್ನು ಮನೆಗೆ ಕರೆತಂದೆ.

ಇವತ್ತು ಬೆಳಿಗ್ಗೆ ಶಾಂಪೂ ಹಾಕಿ ಅವಳ ತಲೆಯನ್ನು ಮತ್ತೆ ಮತ್ತೆ ತೊಳೆದೆ. ಕೂದಲು ಮೂಸಿ ನೋಡಿದೆ. ನಿಮ್ಮ ವಾಸನೆ ಒಂಚೂರೂ ಉಳಿದಿರಲಿಲ್ಲ.