ಲಾಲಿ ನಿಲ್ಲಿಸಬೇಡಿ

ಕಲ್ಯಾಣ, ಆಸ್ಪತ್ರೆಯ ಬೆಂಚು
ಸೋಮವಾರ, ೧೮-೧೧-೨೦೨೪

ಸಭಾಧ್ಯಕ್ಷೆ ಸ್ವರ್ಣಕ್ಕನವರೇ, ಉಡುಪಿಯ ಸಮಸ್ತ ಬಂಧುಮಿತ್ರರೇ, ಅಡುಗೆಮನೆ ಬಾಗಿಲಲ್ಲಿ ನಿಂತೇ ಎಲ್ಲ ಕೇಳಿಸಿಕೊಳ್ಳುವ ಹೆಂಗಳೆಯರೇ! ಇಪ್ಪತ್ತೆರಡು ವರ್ಷ ಡೊಂಬಿವಲಿಯಲ್ಲಿ ಇಡ್ಲಿ ಬೇಯಿಸಿ, ಮರಾಠಿಯನ್ನು ನೀರು ಕುಡಿದಂತೆ ಮಾತಾಡುವ, ನಲವತ್ತಾರಕ್ಕೆ ಅಪ್ಪನಾದ ಪಂಡಿತ ರಮಾಕಾಂತ ಬಿ.ಎ. ವರದಿ ಒಪ್ಪಿಸುತ್ತಿದ್ದಾನೆ.

ಅಕ್ಕ, ತಡವಾಯಿತು, ಕ್ಷಮಿಸು. ಹೊಕ್ಕುಳ ಬಳ್ಳಿ ಬಿದ್ದ ದಿನವೇ ಬರೆಯುತ್ತೇನೆಂದಿದ್ದೆ. ಬಳ್ಳಿ ಬಿತ್ತು, ಹೊಕ್ಕುಳು ಒಣಗಲಿಲ್ಲ. ನೀರು ಜಿನುಗುತ್ತಲೇ ಇತ್ತು. ಫೋನಿನಲ್ಲಿ ನನ್ನ ದನಿ ನಿನ್ನೆದುರು ನಿಲ್ಲುವುದಿಲ್ಲ, ಅದಕ್ಕೇ ಕಾಗದ.

ಗುರುವಾರ ನಮ್ಮ ಬೀದಿಯ ಹೋಮಿಯೋಪಥಿ ಡಾಕ್ಟರಮ್ಮನ ಹತ್ತಿರ ಮಗಳನ್ನು ನಾನೊಬ್ಬನೇ ಎತ್ತಿಕೊಂಡು ಹೋದೆ. ರಮಾಮಣಿಯೂ ಚಪ್ಪಲಿ ಮೆಟ್ಟಿದ್ದಳು. "ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟುವುದುಂಟಾ?" ಎಂದು ನಿನ್ನ ಮಾತನ್ನೇ ಹೇಳಿ ಕೂರಿಸಿದೆ.

ಎದೆಹಾಲಲ್ಲಿ ಕರಗಿಸಿ ಕುಡಿಸಲು ಸಕ್ಕರೆ ಗುಳಿಗೆ ಕೊಟ್ಟರು. ಹೊರಡುವಾಗ ಬೆರಳೆತ್ತಿ, ಲಾಲಿ ನಿಲ್ಲಿಸಬೇಡಿ ಎಂದು ಮರಾಠಿಯಲ್ಲಿ ತಾಕೀತು ಮಾಡಿದರು.

ಮನೆಗೆ ಬಂದು ಹೇಳಿದೆ. "ಅದೂ ಮದ್ದಾ ಮಾರಾಯ್ರೆ?" ಎಂದಳು ರಮಾಮಣಿ.

"ಸಿಹಿ ಗುಳಿಗೆ ಮದ್ದಾದರೆ ಸಿಹಿ ಹಾಡು ಯಾಕಾಗಬಾರದು?" ಎಂದೆ. ನನ್ನ ಪ್ರಾಸದ ಚಟ ನಿನಗೆ ಗೊತ್ತಲ್ಲ, ಕೂತಲ್ಲೇ ಕಟ್ಟಿದೆ:

ಲಾಲಿ ಲಾಲಿ, ಪುಟ್ಟ ಬಂಗಾರಿ, ಲಾಲಿ,
ಡೊಂಬಿವಲಿ ಲೋಕಲಲಿ ಸೀಟೆಲ್ಲ ಖಾಲಿ!

"ಇಷ್ಟು ದೊಡ್ಡ ಸುಳ್ಳು ಹೇಳಿ ಮಗುವನ್ನು ಮಲಗಿಸ್ಬೇಡಿ" ಎಂದು ನಕ್ಕಳು.

ಎರಡು ದಿನ ಹಾಡಿದೆ. ಹೊಕ್ಕುಳ ಸುತ್ತ ಕುಂಕುಮದ ಬೊಟ್ಟಿನಷ್ಟಿದ್ದ ಕೆಂಪು ಶನಿವಾರಕ್ಕೆ ಹೊಟ್ಟೆಯ ತುಂಬ ಹಬ್ಬಿತು. "ಡಾಕ್ಟರನ್ನು ಇನ್ನೊಮ್ಮೆ ಕೇಳಿ" ಎಂದಳು. "ಕೇಳಿಯಾಗಿದೆಯಲ್ಲ, ಹಾಡಬೇಕಂತೆ" ಎಂದೆ. ನಿನ್ನೆ ಬೆಳಿಗ್ಗೆ ಮಗು ಮೊಲೆ ಕಚ್ಚಲಿಲ್ಲ. ಮೈ ಕಾದ ಕಾವಲಿ. ಅಳುವುದಕ್ಕೂ ತ್ರಾಣವಿರಲಿಲ್ಲ. ಎತ್ತಿಕೊಂಡು ಕಲ್ಯಾಣದ ಈ ದೊಡ್ಡಾಸ್ಪತ್ರೆಗೆ ಓಡಿ ಬಂದೆವು.

ನಂಜು ರಕ್ತಕ್ಕೆ ಇಳಿದಿದೆಯಂತೆ. ಎರಡು ದಿನ ಏನೂ ಹೇಳಲಾಗದಂತೆ. ಗಾಜಿನಾಚೆ ಅವಳ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದೇನೆ. ಏರುವುದು ಸ್ವಲ್ಪ ತಡವಾದರೆ ನನಗೂ ಉಸಿರು ಸಿಕ್ಕುವುದಿಲ್ಲ. ಇನ್ನೂ ಹೆಸರಿಟ್ಟಿಲ್ಲ, ಅಕ್ಕ. ಯಾವ ಹೆಸರು ಹಿಡಿದು ಬೇಡಿಕೊಳ್ಳಲಿ?

ಭಾವನಿಗೆ ನಮಸ್ಕಾರ. ಸಾತ್ವಿಕನಿಗೆ ಆಶೀರ್ವಾದ, ಚೆನ್ನಾಗಿ ಓದಲಿ. ನನ್ನ ಮಗಳ ಲೆಕ್ಕದಲ್ಲಿ ನೀನೊಂದು ದೀಪ ಹಚ್ಚಿಡು.

ನಿನ್ನ ತಮ್ಮ
ರಮಾಕಾಂತ

ತಾ.ಕ.: ಮೇಲೆ ಒಂದು ಸುಳ್ಳಿದೆ. ಇವತ್ತು ಬೆಳಿಗ್ಗೆ ನರ್ಸಮ್ಮ ಮಗುವಿನ ಬಟ್ಟೆ ಸರಿಸಿ ಇನ್ನೊಬ್ಬಳಿಗೆ ತೋರಿಸಿದಳು: "ಬಘ್, ಕಿತೀ ಲಾಲಿ ಪಸರಲೀ." ಯಾರು ಹಾಡುತ್ತಿದ್ದಾರೆಂದು ಕಿವಿಗೊಟ್ಟೆ. ಅವಳ ಬೆರಳು ಆ ಕೆಂಪಿನ ಮೇಲಿತ್ತು. ಲಾಲಿ ಎಂದರೆ ಮರಾಠಿಯಲ್ಲಿ ಕೆಂಪು, ಅಕ್ಕ. ಪಸರಲೀ ಎಂದರೆ ಹರಡಿತು. ಡಾಕ್ಟರಮ್ಮ ಅಂದದ್ದು "ಲಾಲಿ ಪಸರಲೀ ತರ್ ಥಾಂಬೂ ನಕಾ" – ಕೆಂಪು ಹರಡಿದರೆ ನಿಲ್ಲಬೇಡಿ, ಕಾಯಬೇಡಿ. ನನಗೆ ಲಾಲಿಯೂ "ನಿಲ್ಲಬೇಡಿ"ಯೂ ತಿಳಿದವು. ನಡುವಿನದು ಕೇಳಲು ನಾಚಿಕೆಯಾಗಿ ತಲೆಯಾಡಿಸಿ ಬಂದೆ.

ರಮಾಮಣಿಗಾದರೆ ತಿಳಿಯುತ್ತಿತ್ತು. ಪಕ್ಕದ ಮನೆಯವರ ಜೊತೆ ಮಾತಾಡಿಯೇ ಕಲಿತವಳು. "ಒಂದು ಮಾತು ಎಚ್ಚರಿಸ್ಲಿಲ್ಲ ಆ ಡಾಕ್ಟರು, ಬಿಡುವುದಿಲ್ಲ ನಾನು" ಎಂದು ಪಕ್ಕದಲ್ಲೇ ಕುದಿಯುತ್ತಿದ್ದಾಳೆ. ನಾನು ಹೂಂಗುಟ್ಟುತ್ತಿದ್ದೇನೆ.

ನನಗೆ ಮರಾಠಿ ಬರುವುದಿಲ್ಲ.