ಸೆರ್ವಾಳ ಕುಂಡ

ಕುಮಾಸಿ, ಗುರುವಾರ

ಬಾಫೊ ಮಾವನವರಿಗೆ ನಮಸ್ಕಾರಗಳು.

ನಾಳಿದ್ದು ಸೆರ್ವಾ ತೀರಿಕೊಂಡ ನಲವತ್ತನೆಯ ದಿನಕ್ಕೆ ಬರುವಾಗ ಒಂದು ಬೋಗುಣಿ ಊರ ಮಣ್ಣು ತನ್ನಿ. ತೀರಿಕೊಂಡವರ ಹೆಸರಲ್ಲಿ ಮಣ್ಣಿಗೆ ಸಾರಾಯಿ ಎರೆಯೋಣವೆಂದರೆ ಈ ಮೂರನೇ ಮಹಡಿಯಲ್ಲಿ ನೆಲವೆಲ್ಲ ಸಿಮೆಂಟು. ಹಾಗಾಗಿ, ದುಃಖ ಕೇಳಲು ಬಂದ ಹಿರಿಯರೆಲ್ಲ "ಬಾ ಮಗಳೇ, ತಗೊಂಡು ಕುಡಿ" ಎನ್ನುತ್ತ ಅವಳ ಪಾಲಿನ ಸಾರಾಯಿಯನ್ನು ಅವಳದೇ ಹೂಕುಂಡಕ್ಕೆ ಸುರಿದರು. ಎಲೆಗಳು ಹಳದಿಯಾದವು. ಬಾಯಾರಿರಬೇಕೆಂದು ನಾನೂ ದಿನಕ್ಕೆರಡು ಸಲ ನೀರು ಹಾಕಿದೆ.

ನರ್ಸರಿಯ ಹೆಂಗಸು ಬೇರು ಮೂಸಿ, "ಕೊಳೆತೋಗಿದೆ ಕಣಪ್ಪ. ಕುಡಿಸಿದ್ದೇ ಜಾಸ್ತಿ ಆಯ್ತು. ಇಷ್ಟು ದಿನ ಯಾರು ನೋಡ್ಕೋತಿದ್ರು ಇದನ್ನ?" ಎಂದಳು.

ಬಿಳಿಯ ಬೇರೊಂದು ಉಳಿದಿತ್ತು, ಒಣಮಣ್ಣಿನಲ್ಲಿ ನೆಟ್ಟಿದ್ದೇನೆ. ನೀವು ಬೋಗುಣಿಯ ಮಣ್ಣಿಗೇ ಸುರಿಯಿರಿ, ಉಳಿದವರಿಗೂ ಹೇಳಿ.

ಹತ್ತು ದಿನ ನೀರು ಹಾಕಬಾರದಂತೆ. ಬೆಳಿಗ್ಗೆ ಎದ್ದು ಚೊಂಬು ತುಂಬಿಸಿಕೊಂಡು ಕುಂಡದ ಮುಂದೆ ನಿಲ್ಲುತ್ತೇನೆ, ಮಾವ. ಆಮೇಲೆ ಏನು ಮಾಡಬೇಕೋ ತಿಳಿಯುವುದಿಲ್ಲ.

ನಿಮ್ಮ ಸೆರ್ವಾಳ ಗಂಡ,
ಓಪೊಂಗ್