ಮಂಚದ ಪಕ್ಕದ ಬೆಲ್

ಲೇಡೀಸ್ ಹಾಸ್ಟೆಲ್, ಎರಡನೇ ಮಹಡಿ
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಮ್ಮಾ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಫೋನ್ ಕೈಯಲ್ಲಿರುವಾಗ ಕಾಗದ ಬರೆಯುವುದು ಯಾವ ಕಾಲದ ಹುಚ್ಚು ಎಂದು ನೀನು ನಗುತ್ತೀಯ. ಆದರೆ ಫೋನಿನಲ್ಲಿ ನನಗೆ ಕೋಪ ಬಂದರೆ ಇಂಗ್ಲಿಷ್ ಬರುತ್ತದೆ, ಆಮೇಲೆ ಅಳು ಬರುತ್ತದೆ, ಅಷ್ಟರಲ್ಲಿ ನಿನ್ನ ಬ್ರೇಕ್ ಮುಗಿದಿರುತ್ತದೆ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಹಾಸ್ಟೆಲ್ಲಿಗೆ ಬೈ, ನನಗಲ್ಲ. ನಿನ್ನ ಬೆನ್ನುನೋವು ಹೇಗಿದೆ? ಯಾರನ್ನೂ ಒಬ್ಬಳೇ ಮಂಚದಿಂದ ಎತ್ತಬೇಡ, ಇಬ್ಬರಿರಬೇಕೆಂದು ನಿಮ್ಮಲ್ಲೇ ರೂಲ್ ಇದೆಯಲ್ಲ. ಊಟ ಇನ್ನೂ ನಿಂತುಕೊಂಡೇ ಮಾಡುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ನಿದ್ದೆ ಅಷ್ಟಾಗಿ ಬರುತ್ತಿಲ್ಲ, ಅದು ಬಿಡು.

ನಮ್ಮ ಮೇಡಂ ಸೆಮಿನಾರಿಗೆ ಕೊಟ್ಟ ವಿಷಯ ನಿನಗೆ ಗೊತ್ತೇ ಇದೆ, ಬೇರೆ ಬೇರೆ ದೇಶಗಳಲ್ಲಿ ವಯಸ್ಸಾದವರ ಹೋಮ್‌ಗಳು ಹೇಗಿರುತ್ತವೆ ಅಂತ. ಕೇಳಿದ ಕೂಡಲೇ ಕೈ ಎತ್ತಿದವಳು ನಾನು, ನಮ್ಮಮ್ಮ ಹೊರದೇಶದ ಅಂಥ ಹೋಮಿನಲ್ಲೇ ಕೆಲಸ ಮಾಡುವುದು ಎಂಬ ಜಂಬದಲ್ಲಿ. ನೀನು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ನಿಮ್ಮಲ್ಲಿ ಬಾಗಿಲು ತಟ್ಟದೆ ಯಾರೂ ಒಳಗೆ ಹೋಗುವಂತಿಲ್ಲ. ಒಳಗಿರುವವರಿಗೆ ಮಾತೇ ನಿಂತುಹೋಗಿದ್ದರೂ ತಟ್ಟಿ, ಸ್ವಲ್ಪ ಕಾದು, ಆಮೇಲೇ ಹೋಗಬೇಕು. ತಪಾಸಣೆಯವರು ಹೇಳದೆ ಕೇಳದೆ ಬರುತ್ತಾರೆ. ಮಂಚದಿಂದಲೇ ಸಹಾಯಕ್ಕೆ ಕರೆಯುವ ಬೆಲ್‌ನ ದಾರವನ್ನು ಕೈಗೆ ಸಿಗದ ಹಾಗೆ ಮೇಲೆ ಕಟ್ಟಿದ್ದಕ್ಕೆ ನಿನ್ನ ಜೊತೆಯವಳೊಬ್ಬಳನ್ನು ಅವತ್ತೇ ಕೆಲಸದಿಂದ ತೆಗೆದರಲ್ಲ, ಅದನ್ನೂ ಹೇಳಿದೆ. ಲೈಬ್ರರಿಯಲ್ಲಿ ಇನ್ನೆರಡು ದೇಶ ಸಿಕ್ಕವು. ಒಂದರಲ್ಲಿ ಏಳೆಂಟು ಜನಕ್ಕೊಂದು ಮನೆ, ಒಂದು ಅಡುಗೆಮನೆ; ಕೈಲಾದವರು ತರಕಾರಿ ಹೆಚ್ಚುತ್ತಾರೆ, ಆಗದವರು ಪಕ್ಕದಲ್ಲಿ ಕೂತು ತಪ್ಪು ಹಿಡಿಯುತ್ತಾರೆ. ಇನ್ನೊಂದರಲ್ಲಿ ಎತ್ತಿ ಕೂರಿಸಲೂ ಮಷೀನು, ಮಾತಾಡಿಸಲೂ ಮಷೀನು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ, "ನಮ್ಮ ಕಡೇದು ಎಲ್ಲಮ್ಮಾ? ಅದನ್ನ ಯಾರು ನೋಡ್ಕೊಂಡ್ ಬರ್ತಾರೆ?" ಅಂದರು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳು.

ಹಾಗಾಗಿ ನಿನ್ನೆ ಅಜ್ಜಿಯ ಹೋಮಿಗೆ ಹೋದೆ, ನಿಮ್ಮ ತಪಾಸಣೆಯವರ ಹಾಗೆ, ಹೇಳದೆ ಕೇಳದೆ. ಮಾವನಿಗೆ ವರ್ಗವಾದಾಗ ನೀವು ಅಣ್ಣ-ತಂಗಿ ಸೇರಿ ಅಜ್ಜಿಯನ್ನು ಅಲ್ಲಿ ಬಿಟ್ಟಿರಲ್ಲ, ಅವತ್ತಿನಿಂದ ಪ್ರತಿ ಸಲವೂ ಫೋನ್ ಮಾಡಿಯೇ ಹೋಗುತ್ತಿದ್ದೆ. ಮುಂಚೆ ತಿಳಿಸಿ ಬನ್ನಿ ಎಂದು ಮ್ಯಾನೇಜರ್ ಹೇಳಿದ್ದರು, ನಾನೂ ಒಳ್ಳೆಯ ಹುಡುಗಿಯ ಹಾಗೆ ತಿಳಿಸಿ ಹೋಗುತ್ತಿದ್ದೆ, ಅಜ್ಜಿಯನ್ನು ಮುಂದಿನ ಹಾಲಿಗೆ ಕರೆತಂದು ಕೂರಿಸಿರುತ್ತಿದ್ದರು. ರೂಮು ನೋಡಿದ್ದು ನಿನ್ನೆಯೇ. ಅಜ್ಜಿಯ ರೂಮಿನ ಬಾಗಿಲಿಗೆ ಒಳಗಡೆ ಚಿಲಕವೇ ಇಲ್ಲ ಅಮ್ಮಾ, ಹೊರಗಡೆ ಇದೆ. ಲೈಟಿನ ಸ್ವಿಚ್ಚೂ ಹೊರಗೆ. ಬೆಲ್‌ನ ದಾರವನ್ನು ಸುತ್ತಿ ಸುತ್ತಿ ಕಿಟಕಿಯ ಪರದೆ ಕಂಬಿಗೆ ಗಂಟು ಹಾಕಿದ್ದಾರೆ. ಅದೇ ಬೆಲ್! ಸೇರಿಸುವ ಮುಂಚೆ ವೀಡಿಯೊ ಕಾಲ್‌ನಲ್ಲಿ ಮ್ಯಾನೇಜರ್ ಎಳೆದು ತೋರಿಸಿದ್ದು, ಟಿಂಗ್ ಅಂದ ಕೂಡಲೇ ಒಬ್ಬಳು ಓಡಿ ಬಂದು ನಿಂತಿದ್ದು, ನೀನು "ನೋಡು, ಎಷ್ಟು ಬೇಗ ಬಂದ್ಲು!" ಅಂದಿದ್ದು.

ನಾನು ಹೀಗೆ ಒಂದೊಂದನ್ನೇ ನೋಡುತ್ತಿದ್ದುದಕ್ಕೆ ಅಜ್ಜಿ, "ಪರೀಕ್ಷೆಗೆ ಬಂದ್ಯೋ, ನನ್ನ ನೋಡೋಕೆ ಬಂದ್ಯೋ, ಕಡ್ಡಿ?" ಅಂದಳು. ದಾರ ಯಾಕೆ ಮೇಲಿದೆ ಎಂದು ಕೇಳಿದ್ದಕ್ಕೆ, "ಮುದುಕ್ರು ಸುಮ್ಸುಮ್ನೆ ಎಳೀತಾರಂತೆ. ನಾನೂ ಒಂದೆರಡು ಸಲ ಸುಮ್ನೆ ಎಳೆದೆ ಬಿಡು, ಯಾರಾದ್ರೂ ಬರ್ಲಿ ಅಂತ" ಎಂದು ನಕ್ಕಳು. ನಾನು ಕುರ್ಚಿ ಹತ್ತಿ ಬಿಚ್ಚಿದೆ. ಹೊರಟು, ನೀರಿನ ಬಾಟಲಿ ಮರೆತೆನೆಂದು ವಾಪಸ್ ಹೋದರೆ ದಾರ ಆಗಲೇ ಮೇಲೆ. ಸೀದಾ ಮ್ಯಾನೇಜರ್ ಹತ್ತಿರ ಹೋದೆ. "ನಿಮ್ಮಮ್ಮನೇ ಇದೇ ಕೆಲಸದ ಲೈನ್‌ನಲ್ಲಿದ್ದಾರಲ್ಲಮ್ಮಾ, ಅವರೇ ನೋಡಿ ಓಕೆ ಅಂದಿದ್ದಾರೆ. ನಿಮ್ದೇನು?" ಅಂದರು. ನೀರಿನ ಬಾಟಲಿಯನ್ನು ಮತ್ತೆ ಅಲ್ಲೇ ಮರೆತು ಹೊರಗೆ ಬಂದೆ.

ಸಿಟ್ಟು ಅವರ ಮೇಲಿದೆ, ಮಾವನ ಮೇಲಿದೆ, ಎಲ್ಲಕ್ಕಿಂತ ಹೆಚ್ಚು ನಿನ್ನ ಮೇಲಿದೆ. ಮಾವನಿಗೆ ಗೊತ್ತಾಗಲಿಲ್ಲ ಎಂದರೆ ಒಪ್ಪುತ್ತೇನೆ, ಅವರಿಗೆ ತಮ್ಮ ಕಾಲುಚೀಲ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ನಿನಗೆ ಗೊತ್ತಿತ್ತಲ್ಲ! ಹೇಳಿ ಬರುವ ತಪಾಸಣೆ ತಪಾಸಣೆಯೇ ಅಲ್ಲ ಎಂದು ನನಗೆ ಹೇಳಿಕೊಟ್ಟವಳೇ ನೀನು. ಅಂಥವಳು ಸ್ಕ್ರೀನಿನಲ್ಲಿ ಒಂದು ಟಿಂಗ್ ಕೇಳಿ ಮೋಸ ಹೋದೆ. ನೀನಿರುವ ದೇಶದ ಜನರ ಮೇಲೂ ಸಿಟ್ಟಿದೆ. ನೀನು ನೋಡಿಕೊಳ್ಳುವವರ ಮಕ್ಕಳು ಅದೇ ಊರಿನಲ್ಲಿದ್ದೂ ಬರುವುದಿಲ್ಲ ಎಂದು ನೀನೇ ಅಲ್ಲವಾ ಹೇಳಿದ್ದು? ಅವರಮ್ಮ ದಾರ ಎಳೆದರೆ ನಮ್ಮಮ್ಮ ಓಡಬೇಕು. ನಮ್ಮಮ್ಮನ ಅಮ್ಮ ಎಳೆಯಲು ದಾರವೇ ಇಲ್ಲ.

ನಾನು ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನವಳು. ಹೊತ್ತಿಗೆ ಏಳು, ಹೊತ್ತಿಗೆ ಉಣ್ಣು, ಲೈಟ್ ಆರಿಸಿದರೆ ಮಲಗು, ಇದೆಲ್ಲ ನನಗೆ ಹೊಸದಲ್ಲ. ಆದರೆ ನನಗೆ ರಜೆ ಇತ್ತು. ರಜೆಗೆ ಕರೆದುಕೊಂಡು ಹೋಗಲು ಅಜ್ಜಿ ಎಲ್ಲರ ಮನೆಯವರಿಗಿಂತ ಮೊದಲು ಬಂದು ಗೇಟಿಗೆ ಆತು ನಿಂತಿರುತ್ತಿದ್ದಳು, ವಾಚ್‌ಮನ್ ಜೊತೆ ಜಗಳವಾಡುತ್ತ. ಅಜ್ಜಿಗೆ ಯಾವಾಗ ರಜೆ, ಅಮ್ಮಾ?

ಬೈದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆದರೂ ಪರವಾಗಿಲ್ಲ, ಸ್ವಲ್ಪ ಮಾಡಿಕೋ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಜೊತೆ ಕೆಲಸ ಮಾಡುವ ಅಕ್ಕನಿಗೆ ನನ್ನ ನೆನಪು ಹೇಳು.

ನಿನ್ನ,
ಕಡ್ಡಿ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಜ್ಜಿಯ ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಹೋದ ವಾರ ಅದೇ ರೂಮಿನ ಪಕ್ಕದ ಮಂಚದ ಅಜ್ಜಿಗೆ ಉಸಿರು ಕಟ್ಟಿತಂತೆ, ಕೂಗಿದರೆ ಯಾರೂ ಬರಲಿಲ್ಲವಂತೆ, ನಮ್ಮಜ್ಜಿ ಮಂಚದ ಮೇಲೆ ನಿಂತು ದಾರ ಬಿಚ್ಚಲು ಹೋಗಿ ಬಿದ್ದಳಂತೆ. ಬಿದ್ದ ಸದ್ದಿಗೆ ಬಂದರಂತೆ, ಆ ಅಜ್ಜಿ ಉಳಿದುಕೊಂಡರು. ಮಾವನಿಗೆ ಗೊತ್ತು, ನಿನಗೆ ಹೇಳಿಲ್ಲ. ಅಜ್ಜಿಯೂ "ನಿಮ್ಮಮ್ಮಂಗೆ ಹೇಳ್ಬೇಡ ಕಣೇ, ಅಲ್ಲಿ ಯಾರನ್ನೋ ಎತ್ತೋವಾಗ ನೆನಪಾಗಿ ಕೈ ನಡುಗುತ್ತೆ" ಅಂದಳು. ಗುರುವಾರದಿಂದ ನನಗೆ ರಜೆ. ನಮ್ಮ ಮನೆಯ ಕೀ ಪಕ್ಕದ ಮನೆ ಆಂಟಿ ಹತ್ತಿರ ಇದೆ. ಸೇರಿಸಿದ ಫಾರಮ್ಮಿನಲ್ಲಿ ನಿನ್ನ ಹೆಸರಿದೆ, ನೀನು ಹೇಳಿದರೆ ಮಾತ್ರ ಅಜ್ಜಿಯನ್ನು ಮನೆಗೆ ಕಳಿಸುತ್ತಾರಂತೆ. ಮ್ಯಾನೇಜರಿಗೆ ಫೋನ್ ಮಾಡು, ಡ್ಯೂಟಿಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡು. ಗುರುವಾರ ನಾನು ಗೇಟಿಗೆ ಹೋಗಿ ನಿಲ್ಲುತ್ತೇನೆ, ಎಲ್ಲರಿಗಿಂತ ಮೊದಲು. ರಜೆ ಮುಗಿಯುವುದರೊಳಗೆ ನೀನು ಬಾ, ಬೇರೆ ಹೋಮ್ ನೋಡೋಣ, ಹೇಳದೆ ಹೋಗಿ ನೋಡೋಣ. ಬೇಗ ಉತ್ತರ ಬರಿ.